ಬಯಲಕಡಿ ಎಂದರೆ ಬಯಲಲ್ಲ

ಜಿಲ್ಲೆಯ ಆಸ್ಪತ್ರೆಗಳ ಮೇಲೆ ಕಣ್ಣಿಡಲು ನೇಮಕಗೊಂಡಿರುವ ಮಾನ್ಯರೇ,

ನನ್ನ ಹೆಂಡತಿ ಮಾಬುಬೀ, ಸೊಂಟದ ನರಗಳು ಒತ್ತಿ ಮಲ ಮೂತ್ರ ಎರಡೂ ಕಟ್ಟಿಕೊಂಡ ಸ್ಥಿತಿಯಲ್ಲಿ, ನಿಮ್ಮ ಸುಪರ್ದಿನ ಒಂದು ಆಸ್ಪತ್ರೆಗೆ ಬಂದಳು. ಅಲ್ಲಿನ ವೈದ್ಯರು ಅವಳಿಗೆ ಶೌಚಾಲಯ ಬಳಸುವಂತೆ ಬುದ್ಧಿ ಹೇಳಿ ಕಳಿಸಿದರು. ನನ್ನ ದೂರು ಇಷ್ಟೇ, ಉಳಿದದ್ದು ವಿವರಣೆ. ವಿವರಣೆ ಕೇಳುವ ರೂಢಿ ತಮ್ಮ ಕಚೇರಿಗೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಹೀಗೆ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ನಾನು ಸಿರುಗುಪ್ಪದ ರೈಸ್ ಮಿಲ್ಲುಗಳಿಗೆ ಗೋಣಿಚೀಲ ಕೊಡಿಸುವ ದಲ್ಲಾಳಿ. ಬಳ್ಳಾರಿಯ ಬ್ರೂಸ್‌ಪೇಟೆಯ ಓಣಿಗಳಲ್ಲಿ ಹಳೇ ಚೀಲ ಹೊತ್ತು ಶುರುಮಾಡಿದವನು. ಈಗ ಹೊರುವುದಿಲ್ಲ, ಮಾತಾಡುತ್ತೇನೆ. ಹರಿದ ಚೀಲಗಳನ್ನು ಹೊಲಿದು ಕಟ್ಟು ಕಟ್ಟುವುದು ಮಾಬುಬೀ ಕೆಲಸ. ಕಳೆದ ಸುಗ್ಗಿಯಲ್ಲಿ ಒಂದು ಕಟ್ಟು ಎತ್ತುವಾಗ ಅವಳ ಸೊಂಟ ಹಿಡಿಯಿತು. ಸೊಂಟ ಯಾರಿಗೆ ಹಿಡಿಯುವುದಿಲ್ಲ? ಉಪ್ಪಿನ ಶಾಖ ಕೊಟ್ಟೆವು. ಆಮೇಲೆ ಎರಡೂ ಕಾಲಿಗೆ ಚಳುಕು ಇಳಿಯಿತು. ಒಂದು ಬೆಳಿಗ್ಗೆ ಚಾಪೆಯ ಮೇಲೆ ಕೂತವಳು, “ಏನ್ರೀ, ಕುಂತಿದ್ದು ಗೊತ್ತಾಗವಲ್ದು. ಬ್ಯಾರೇರ ಕುಂಡಿ ಮ್ಯಾಲ ನಾ ಕುಂತಂಗ ಆಗೇತಿ” ಎಂದಳು. ಮಾತು ನಗು ಬರಿಸುವಂತಿತ್ತು. ಮುಖ ಹಾಗಿರಲಿಲ್ಲ.

ಆಸ್ಪತ್ರೆಯಲ್ಲಿದ್ದ ಎಳೆಯ ವೈದ್ಯರು ಮೈಸೂರು ಕಡೆಯವರು. ಪರಗಂಡಸಿನ ಮುಂದೆ ಮಾಬುಬೀ ಸೆರಗು ಎಳೆದುಕೊಂಡು, ನಮ್ಮ ಕಡೆಯ ಹೆಂಗಸರು ಮಲವಿಸರ್ಜನೆಗೆ ಮರ್ಯಾದೆಯಿಂದ ಬಳಸುವ ಮಾತನ್ನೇ ಬಳಸಿದಳು.

“ಬಯಲಕಡಿ ಹೋಗಾಕ ಆಗವಲ್ದ್ರಿ.”

“ಬಯಲಿಗೆ ಯಾಕಮ್ಮ ಹೋಗ್ತೀರಾ? ಇನ್ನೂ ಶೌಚಾಲಯ ಕಟ್ಟಿಸಿಲ್ವಾ?”

“ಮನ್ಯಾಗ ಐತ್ರಿ. ಟೈಲ್ಸ್ ಹಾಕ್ಸ್ಯಾರ.”

“ಮತ್ತೆ ಅದನ್ನೇ ಉಪಯೋಗಿಸಿ.”

“ಅದರಾಗ ಕುಂತ್ರೂ ಬಯಲಕಡಿ ಆಗವಲ್ದ್ರಿ ಯಪ್ಪಾ!”

“ಅಭ್ಯಾಸ ಆಗುತ್ತೆ. ಮನಸ್ಸು ಮಾಡಬೇಕು.”

ನಾನು ನಡುವೆ ಬಾಯಿ ಹಾಕಿದೆ. “ಸಾಹೇಬ್ರ, ಬಯಲಕಡಿ ಅಂದ್ರ ಎರಡಕ್ಕ ಹೋಗೋದ್ರಿ. ಸೊಂಟ ಹಿಡದ ಮ್ಯಾಲ ಈಗ ಒಂದಕ್ಕೂ ಬಂದ್ ಆಗೇತಿ.” ಅವರು ತಲೆ ಎತ್ತಲಿಲ್ಲ. “ನೀರು ಕಡಿಮೆ ಕುಡಿದಿರ್ತಾರೆ. ಹೊಟ್ಟೆಗೆ ಸಿರಪ್ ಕೊಡ್ತೀನಿ. ಸೊಂಟಕ್ಕೆ ಮೂಳೆ ಡಾಕ್ಟ್ರು ಗುರುವಾರ ಬರ್ತಾರೆ, ಆಗ ಬನ್ನಿ.”

ನೋಡಿ ಮಾನ್ಯರೇ, ಹಿಂದಿನ ಕಾಲದ ಕಲೆಕ್ಟರರು ತಾಲೂಕನ್ನು ಫಿರ್ಕಾಗಳಾಗಿ ಹಂಚಿದಂತೆ ತಾವು ಮನುಷ್ಯನ ಮೈಯನ್ನು ಹಂಚಿದ್ದೀರಿ. ಸೊಂಟದ್ದು ಒಂದು ಫಿರ್ಕಾ, ಹೊಟ್ಟೆಯದು ಇನ್ನೊಂದು. ಆದರೆ ಆ ಗಡಿ ನರಗಳಿಗೆ ಗೊತ್ತಿಲ್ಲವಲ್ಲ! ಬೆನ್ನೆಲುಬಿನ ತಳದಲ್ಲಿ ನರಗಳು ಕುದುರೆಬಾಲದಂತೆ ಇಳಿಬಿದ್ದಿರುತ್ತವಂತೆ. ಅವುಗಳಲ್ಲಿ ಕೆಲವು ಕಾಲಿಗೆ ಹೋಗುತ್ತವೆ, ಕೆಲವು ಮೂತ್ರಚೀಲಕ್ಕೆ, ಗುದದ್ವಾರಕ್ಕೆ, ನಾವು ಕೂರುವ ಜಾಗಕ್ಕೆ. ಬೆನ್ನಿನ ಎಲುಬುಗಳ ನಡುವಿನ ಮೆತ್ತೆ ಜಾರಿ ಆ ಬಾಲವನ್ನು ಒತ್ತಿದರೆ, ಹೊಟ್ಟೆ ತುಂಬಿದ್ದರೂ ತಿಣುಕುವ ಶಕ್ತಿ ಇರುವುದಿಲ್ಲ, ಚೀಲ ತುಂಬಿದ್ದರೂ ಅವಸರ ಹುಟ್ಟುವುದಿಲ್ಲ. ಸೊಂಟ ನೋಯುವವರಿಗೆಲ್ಲ ಹೀಗಾಗುವುದಿಲ್ಲ, ಅಪರೂಪಕ್ಕೆ ಆಗುತ್ತದೆ. ಆದಾಗ ಗುರುವಾರದ ತನಕ ಕಾಯುವ ಕಾಯಿಲೆ ಅದಲ್ಲ. ಚೀಲದ ದಲ್ಲಾಳಿಗೆ ಇದು ತಿಳಿದದ್ದು ಹೆಂಡತಿ ಹಾಸಿಗೆ ಹಿಡಿದ ಮೇಲೆ. ತಮ್ಮ ವೈದ್ಯರಿಗೆ ಇದನ್ನು ಕಾಲೇಜಿನಲ್ಲಿ ಕಲಿಸಿರಲೇಬೇಕು. ಕಲಿತದ್ದಕ್ಕೂ ಎದುರು ಕೂತವಳ ಮಾತಿಗೂ ನಡುವೆ ಒಂದು ಶೌಚಾಲಯ ಅಡ್ಡ ನಿಂತಿತು.

ಗುರುವಾರ ಬರುವ ಮುಂಚೆಯೇ ಅವಳ ಕಾಲು ಸೋತವು. ಬಳ್ಳಾರಿಯ ಬೇರೊಂದು ಆಸ್ಪತ್ರೆಗೆ ಒಯ್ದೆ. ಅಲ್ಲಿನ ಶಸ್ತ್ರವೈದ್ಯೆ ನನ್ನನ್ನು ಪರದೆಯಾಚೆ ನಿಲ್ಲಿಸಿ ಮೊದಲು ಕೇಳಿದ್ದು ಇದನ್ನು: “ಅಮ್ಮಾ, ತೊಳಕೊಳ್ಳಾವಾಗ ನಿಮ್ಮ ಕೈ ತಾಕಿದ್ದು ಗೊತ್ತಾಗತೈತೇನು?”

“ಇಲ್ಲ್ರೀ. ನೀರು ತಣ್ಣಗೈತೋ ಬಿಸಿ ಐತೋ, ಅದೂ ತಿಳಿವಲ್ದು.”

ಆ ಒಂದು ಪ್ರಶ್ನೆಯ ಬೆನ್ನಿಗೇ ಸ್ಕ್ಯಾನಿಂಗ್, ಅದರ ಬೆನ್ನಿಗೇ ಆಪರೇಷನ್. ಕಾಲು ಬಂದವು, ಮೂತ್ರದ ಹಿಡಿತ ಬರಲಿಲ್ಲ. ಮೊದಲೇ ತಂದಿದ್ದರೆ ಬರುತ್ತಿತ್ತೇ ಎಂದು ಕೇಳಿದೆ. “ಬರ್ತಿತ್ತು ಅಂತ ಗ್ಯಾರಂಟಿ ಕೊಡಾಕ ಆಗಂಗಿಲ್ಲ. ತಡ ಆದಷ್ಟೂ ಆಸೆ ಕಮ್ಮಿ ಆಗತೈತಿ” ಎಂದರು. ಈಗ ಅವಳು ದಿನಕ್ಕೆ ಹಲವು ಸಲ ತಾನೇ ನಳಿಕೆ ಹಾಕಿಕೊಳ್ಳುತ್ತಾಳೆ. ನಡುವೆ ಸೋರುತ್ತದೆ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ಮಾಡಿಕೊಂಡ ವುಜೂ ನಿಲ್ಲುವುದಿಲ್ಲವೆಂದು ಅತ್ತಾಗ ಮಸೀದಿಯ ಹಜ್ರತರು, “ನಿಮ್ಮಂಥೋರಿಗೆ ರಿಯಾಯಿತಿ ಐತಮ್ಮ” ಎಂದರು. ದೇವರು ರಿಯಾಯಿತಿ ಕೊಟ್ಟ, ನೆಂಟರು ಕೊಡಲಿಲ್ಲ. ಕುರುಗೋಡಿನ ತವರಿನಲ್ಲಿ ಅವಳ ತಮ್ಮನ ಮಗಳು ನಿಶಾತಳ ಮದುವೆಯಾಯಿತು. “ಜಮಖಾನದ ಮ್ಯಾಲ ಬ್ಯಾಡಕ್ಕ, ಕುರ್ಚಿ ಹಾಕಸ್ತೀನಿ” ಎಂದ ತಮ್ಮ. ಅವಳು ಹೋಗಲೇ ಇಲ್ಲ.

ತಮಗೆ ಲಿಖಿತ ದೂರು ಕೊಟ್ಟೆ. ಅದರಲ್ಲಿ ‘ಬಯಲು’ ಎಂಬ ಪದ ಕಂಡದ್ದೇ ತಡ, ತಮ್ಮವರು ಅದನ್ನು ಶೌಚಾಲಯ ನೋಡುವ ಕಚೇರಿಗೆ ದಾಟಿಸಿದರು. ಒಬ್ಬ ಮಹಾಶಯ ಮನೆಗೆ ಬಂದ. “ಅಮ್ಮಾ, ಬಾಗಲ ತಗದು ಮುಂದ ನಿಂದರ್ರಿ, ಫೋಟೋ ಬೇಕು.” ಮಾಬುಬೀ, “ನಾ ಯಾಕ್ರೀ? ಅದರದಷ್ಟ ತಗೋರಿ” ಎಂದಳು. “ಫಲಾನುಭವಿ ಇರಬೇಕ್ರಿ” ಎಂದ. ಯಾವ ಫಲ ಸ್ವಾಮಿ, ಯಾರ ಅನುಭವ? ಮರುವಾರ ತಮ್ಮ ಕಚೇರಿಯ ಉತ್ತರ ಬಂತು: ಶೌಚಾಲಯ ಸುಸ್ಥಿತಿಯಲ್ಲಿದೆ, ದೂರು ಇತ್ಯರ್ಥಗೊಂಡಿದೆ.

ಇತ್ಯರ್ಥಗೊಂಡಿಲ್ಲ. ಆ ಎಳೆಯ ವೈದ್ಯರ ಕೆಲಸ ತೆಗೆಯಿರೆಂದು ನಾನು ಕೇಳುತ್ತಿಲ್ಲ. ಅವರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ, ಅವರಿಗೂ ನಮ್ಮ ಮಾತು ಬರುವುದಿಲ್ಲ. ದೂರನ್ನು ಮತ್ತೆ ತೆರೆಯಿರಿ. ಈ ಜಿಲ್ಲೆಗೆ ಬರುವ ಪ್ರತಿ ವೈದ್ಯರಿಗೂ ನಮ್ಮ ಹೆಂಗಸರು ಮರೆಮಾಡಿ ಹೇಳುವ ಮಾತುಗಳನ್ನು ಮೊದಲ ದಿನವೇ ಕಲಿಸಿರಿ. ಸೊಂಟನೋವೆಂದು ಬಂದವರನ್ನು ಒಂದಕ್ಕೆ ಸರಿಯಾಗಿ ಆಗುತ್ತದೆಯೇ, ಎರಡಕ್ಕೆ ಆಗುತ್ತದೆಯೇ, ಕೂತ ಜಾಗ ತಿಳಿಯುತ್ತದೆಯೇ ಎಂದು ಕೇಳಲಿ. ಕೇಳುವಾಗ ಒಬ್ಬ ಹೆಂಗಸು ಜೊತೆಗಿರಲಿ. ‘ಇಲ್ಲ’ ಎಂದವರನ್ನು ಅಂದೇ ಸ್ಕ್ಯಾನಿಂಗಿಗೆ ಕಳಿಸಲಿ. ಉತ್ತರ ಬರೆಯುವುದಾದರೆ ನನಗೆ ಬೇಡ, ಮಾಬುಬೀ ಹೆಸರಿಗೆ ಬರೆಯಿರಿ. ಅವಳಿಗೆ ಓದಲು ಬರುತ್ತದೆ, ಮನೆಯಲ್ಲೇ ಇರುತ್ತಾಳೆ.

ಇಂತಿ,
ಊರಿಗೆಲ್ಲ ಮಾತು ಮಾರಿ, ಹೆಂಡತಿಯ ಒಂದು ಮಾತನ್ನು ದಾಟಿಸಲಾರದೆ ಹೋದ
ದಲ್ಲಾಳಿ ಲಾಲಸಾಬ್, ಸಿರುಗುಪ್ಪ