ಪ್ರೇಮಕ್ಕನ ಬೆನ್ನು, ಸಾಹುಕಾರರ ಜೀಪು

ಶೆಟ್ಟಿಕೊಪ್ಪ
೯ ಅಕ್ಟೋಬರ್ ೨೦೨೫

ಪ್ರೀತಿಯ ತಮ್ಮ ಶಶಿಗೆ,

ಹೇಗಿದ್ದೀಯ? ಗಂಟಲು ಸರಿಹೋಯಿತೇ? ಕೊಪ್ಪದಲ್ಲಿ ಭಾಷಣದ ನಡುವೆಯೇ ಕೆಮ್ಮುತ್ತಿದ್ದೆ. ಕಾಳುಮೆಣಸಿನ ಕಷಾಯ ಮಾಡಿಸಿಕೊಂಡು ಕುಡಿ. ಇಲ್ಲಿ ನಾವು ಚೆನ್ನಾಗಿದ್ದೇವೆ. ಹಾಗೆ ಬರೆಯುವುದು ರೂಢಿ, ಬರೆದೆ. ಫೋನ್ ಮಾಡಿದರೆ ಬೈದುಬಿಡುತ್ತೇನೆ, ಅದಕ್ಕೇ ಕಾಗದ.

ಶನಿವಾರ ಗ್ರಂಥಾಲಯದಲ್ಲಿ ಮಕ್ಕಳಿಗೆ ಕಥೆ ಹೇಳುತ್ತೇನಲ್ಲ, ಉಪಕಾರ ನೆನೆಯುವುದು ಅಂದರೇನು ಅಂತ ತಿಳಿಸಲು ನಾನು ಪುರಾಣ ಹುಡುಕಿದವಳಲ್ಲ. ನಿನ್ನ ಕಥೆಯನ್ನೇ ಹೇಳಿದೆ. ಅಮ್ಮ ತೀರಿಕೊಂಡ ವರ್ಷ ನೀನು ಕಾಲು ಮುರಿದುಕೊಂಡದ್ದು, ಪಕ್ಕದ ಮನೆಯ ಪ್ರೇಮಕ್ಕ ಮಳೆಗಾಲ ಪೂರ್ತಿ ನಿನ್ನನ್ನು ಬೆನ್ನ ಮೇಲೆ ಹೊತ್ತು ಶಾಲೆ ಮುಟ್ಟಿಸಿದ್ದು, ಮೇಷ್ಟ್ರಾದ ಮೇಲೂ ನೀನು ಹೊಸ್ತಿನ ಹಬ್ಬದ ದಿನ ಅವಳ ಅಪ್ಪಣೆ ಕೇಳದೆ ಹೊಸ ಅಕ್ಕಿಯ ಅನ್ನ ಮುಟ್ಟದಿದ್ದದ್ದು. ಬರಲಾಗದ ವರ್ಷ ಫೋನಿನಲ್ಲೇ 'ಪ್ರೇಮಕ್ಕಾ, ಹೊಸ್ತು ಉಣ್ತೀನಿ' ಅನ್ನುತ್ತಿದ್ದೆ. ಮಕ್ಕಳಿಗೆ ಆ ಮಾತು ಬಾಯಿಪಾಠ. ಕಳೆದ ವರ್ಷ ಸಿಂಚನಾ ಅನ್ನುವ ಪುಟ್ಟಿ ಬಸ್ ಡ್ರೈವರಿಗೂ ಹಾಗೇ ಹೇಳಿ ಬಂದಳು, ದಿನಾ ಶಾಲೆಗೆ ಬಿಡುವವನು ಅವನೇ ಅಂತ.

ಅದಕ್ಕೇ ಕೊಪ್ಪದ ಸಮಾರಂಭದಲ್ಲಿ ನಿನ್ನ ಭಾಷಣ ಅಂದಾಗ ಮಕ್ಕಳನ್ನೂ ಪ್ರೇಮಕ್ಕನನ್ನೂ ವ್ಯಾನ್ ಮಾಡಿಕೊಂಡು ಕರೆತಂದೆ. ಅವಳು ಪೆಟ್ಟಿಗೆಯ ತಳದ ರೇಷ್ಮೆ ಸೀರೆ ಉಟ್ಟಿದ್ದಳು. ತಾಯಿಯಿಲ್ಲದ ಹುಡುಗ, ಮುರಿದ ಕಾಲು, ಮಳೆ ಅಂತ ನೀನು ಶುರು ಮಾಡಿದಾಗ ಸೆರಗು ಸರಿಮಾಡಿಕೊಂಡಳು. ನೀನು ಅಧ್ಯಕ್ಷರ ಕುರ್ಚಿಯತ್ತ ತಿರುಗಿ ಕೈಮುಗಿದೆ. 'ಇದೇ ರೇಣುಕಪ್ಪ ಸಾಹುಕಾರರು ಆಗ ದಿನಾ ಜೀಪು ಕಳಿಸದಿದ್ದರೆ ನಾನು ಓದುತ್ತಲೇ ಇರಲಿಲ್ಲ' ಅಂದೆ. ಯಾವ ಜೀಪೋ ಮಾರಾಯ? ಆ ಜೀಪು ನಮ್ಮ ಮೇಲೆ ಕೆಸರು ಹಾರಿಸಿದ್ದು ಬಿಟ್ಟರೆ ಬೇರೇನು ಮಾಡಿತ್ತು? ನಿಮ್ಮ ಕಾಲೇಜು ಅವರದು, ನಿನಗೆ ಪ್ರಿನ್ಸಿಪಾಲ್ ಆಗಬೇಕು, ಗೊತ್ತು. ಹೊಗಳು, ಯಾರು ಬೇಡ ಅಂದರು? ಪ್ರೇಮಕ್ಕ ಹೊತ್ತದ್ದನ್ನೇ ಕಿತ್ತು ಅವರಿಗೆ ಕೊಡಬೇಕಿತ್ತೇ? ಮೋಸ ಮಾಡಿದೆ ಕಣೋ. ಅವಳಿಗೂ, ನನಗೂ, ನಿನ್ನನ್ನು ನಂಬಿದ ಆ ಮಕ್ಕಳಿಗೂ.

ವ್ಯಾನಿನಲ್ಲಿ ಮಕ್ಕಳು ಬಿಡಲಿಲ್ಲ, ಅಜ್ಜಿ, ನಿಮ್ಮ ಹೆಸರು ಯಾಕೆ ಹೇಳಲಿಲ್ಲ ಅಂತ. ಪ್ರೇಮಕ್ಕ ನಕ್ಕು, 'ನಾನೇ ಬ್ಯಾಡ ಅಂದಿದ್ದೆ ಕಣ್ರೋ, ನಂಗೆ ನಾಚ್ಕೆ' ಅಂದಳು. ಸಿಂಚನಾ ನನ್ನ ಮುಖ ನೋಡಿದಳು. ನಾನೂ ಹೌದು ಅಂದೆ. ಜೀಪು ಯಾಕೆ ಬಂತು ಅಂತ ಅವಳು ಕೇಳಿದಾಗ ಮಾತ್ರ ಕಿಟಕಿಯ ಕಡೆ ತಿರುಗಿಕೊಂಡೆ.

ನಿನ್ನ ಹೆಂಡತಿಗೆ ನಾನು ಕೇಳಿದೆ ಅಂತ ಹೇಳು, ಮಗುವಿಗೆ ಮುತ್ತು ಕೊಡು. ಎಷ್ಟು ಸಿಟ್ಟಿದ್ದರೂ ಅಕ್ಕನಲ್ಲವೇ, ದೇವರು ನಿನಗೆ ಒಳ್ಳೆಯದು ಮಾಡಲಿ.

ನಿನ್ನ ಅಕ್ಕ,
ಶಿಲ್ಪಶ್ರೀ

ಮರೆತಿದ್ದೆ: ಬರುವ ಭಾನುವಾರ ಬಿಟ್ಟು ಮುಂದಿನ ಭಾನುವಾರ ಹೊಸ್ತು. ನೀನು ಕೇಳಿದ ಮೇಲೇ ಪ್ರೇಮಕ್ಕ ಉಣ್ಣುವುದು, ನಿನಗೆ ಗೊತ್ತಲ್ಲ. ಈ ಸಲ ಮಕ್ಕಳಿಗೂ ಅವಳ ಮನೆಯಲ್ಲೇ ಊಟ. ಫೋನನ್ನು ಸ್ಪೀಕರಿಗೆ ಹಾಕಬೇಕಂತೆ, 'ಅವನ ಬಾಯಿಂದಲೇ ಮಕ್ಕಳು ಕೇಳಲಿ' ಅಂದಿದ್ದಾಳೆ. ನೀನು ಫೋನ್ ಮಾಡದಿದ್ದರೆ ಮಕ್ಕಳಿಗೆ ಹೇಳಲು ನನ್ನ ಹತ್ತಿರ ಇನ್ನೊಂದು ಸುಳ್ಳಿಲ್ಲ.