ಹೊಡೆದವರ ಹೆಸರಿನ ಫೈಲು

ಜಲನಗರ, ವಿಜಾಪುರ
ತಾ. ೭-೧-೧೯೭೪, ಸೋಮವಾರ

ಪ್ರೀತಿಯ ತಮ್ಮ ಜಿಲಾನಿಗೆ, ನಿನ್ನ ಆಪಾ ಸಬೀರಾ ಮಾಡುವ ದುವಾ.

ಮೊದಲು ನಿನ್ನ ಮೈ ಹೇಗಿದೆ ಹೇಳು. ಪಠಾಣಕೋಟದ ಚಳಿಗೆ ತುಟಿ ಒಡೆದು ರಕ್ತ ಬರುತ್ತಿದೆ ಎಂದು ಬರೆದಿದ್ದೀ. ಬೆಣ್ಣೆ ಹಚ್ಚಿಕೋ. ನೀನು ಹಚ್ಚಿಕೊಳ್ಳುವವನಲ್ಲ, ಗೊತ್ತು. ಸಣ್ಣವನಿದ್ದಾಗ ಒಡೆದ ತುಟಿಯ ಸಿಪ್ಪೆಯನ್ನು ಹಲ್ಲಿನಿಂದ ಕಿತ್ತು ಇನ್ನಷ್ಟು ರಕ್ತ ಬರಿಸಿಕೊಳ್ಳುತ್ತಿದ್ದ ಶೂರ ನೀನು. ಇಲ್ಲಿ ನಾವೆಲ್ಲ ಆರಾಮ. ನಿನ್ನ ಭಾವ ಇಸ್ಮಾಯಿಲರು ನೀರಿನ ಪಂಪಿನ ಮನೆಯಲ್ಲಿ ಪಾಳಿ ಮಾಡಿಕೊಂಡಿದ್ದಾರೆ. ಸಕೀನಾ ಮೊನ್ನೆ ಶಾಲೆಯಲ್ಲಿ ಪಾಟಿಯಿಂದ ಪಕ್ಕದ ಹುಡುಗಿಯ ಹಣೆ ಒಡೆದು ಬಂದಳು. ಆರು ವರ್ಷದ ಹುಡುಗಿ! ನಮ್ಮ ಮನೆತನದ ರಕ್ತ ಎಲ್ಲಿಗೆ ಹೋಗುತ್ತದೆ? ನಾನು ಅವಳಿಗೆ ಬಡಿಯಲು ಲಟ್ಟಣಿಗೆ ಎತ್ತಿದೆ. ಎತ್ತಿದ ನನ್ನ ಕೈಯನ್ನು ನೋಡಿ ನನಗೇ ಹೆದರಿಕೆಯಾಗಿ ಕೆಳಗಿಟ್ಟೆ. ಯಾಕೆ ಹೆದರಿದೆ ಎಂಬುದು ಈ ಕಾಗದ ಪೂರ್ತಿ ಓದಿದರೆ ತಿಳಿದೀತು. ಪೂರ್ತಿ ಓದು. ನಡುವೆ ಸಿಟ್ಟಿಗೆದ್ದು ಹರಿದು ಹಾಕಿದರೆ ನನ್ನ ಮೇಲಾಣೆ.

ನಿನ್ನ ಹಿಂದಿನ ಕಾಗದವನ್ನು ಭಾವನಿಗೆ ತೋರಿಸಲಿಲ್ಲ. ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ರಜೆ ಸಿಕ್ಕಿದೆ, ಮೊದಲು ಬಬಲೇಶ್ವರದಲ್ಲಿ ಇಳಿದು ಆ ಮುದುಕನ ಹೊಟ್ಟೆ ಬಗೆದೇ ನಿಮ್ಮ ಮನೆಗೆ ಬರುತ್ತೇನೆ ಎಂದು ಬರೆದಿದ್ದೀ. ಅಷ್ಟಕ್ಕೇ ನಿಲ್ಲಲಿಲ್ಲ. ಕೋರ್ಟಿನಿಂದ ಅಬ್ಬಾನ ಕೊಲೆ ಕೇಸಿನ ನಕಲು ತೆಗೆಸಿಡು, ಯಾವ ಸಾಕ್ಷಿಯ ಮಾತಿನಿಂದ ಅವನು ಬಿಡುಗಡೆಯಾದನೋ ಆ ನಾಲಗೆಯನ್ನೂ ಕೊಯ್ದು ಬರುತ್ತೇನೆ ಎಂದು ಅಪ್ಪಣೆ ಬೇರೆ. ನಿನ್ನ ಪ್ರಶ್ನೆ ಸುಳ್ಳಲ್ಲ. ಅಬ್ಬಾನ ತಲೆಯನ್ನು ಸುತ್ತಿಗೆಯಿಂದ ಒಡೆದವನು, ತಾನೇ ಠಾಣೆಗೆ ನಡೆದು ಹೋಗಿ "ನಾನ ಹೊಡದೇನ್ರಿ" ಎಂದು ಒಪ್ಪಿಕೊಂಡವನು, ಹೇಗೆ ಖುಲಾಸೆಯಾದ? ನಮ್ಮೂರು ತಿಕೋಟಾದ ಕಟ್ಟೆಯ ಮೇಲೆ ಇಪ್ಪತ್ತು ವರ್ಷದಿಂದ ಇದೇ ಮಾತು. ಆಗ ನಿನಗೆ ನಾಲ್ಕು ವರ್ಷ. ನೀನು ಅದನ್ನು ಕೇಳುತ್ತಲೇ ಬೆಳೆದೆ. ದಂಡಿಗೆ ಸೇರುವ ಮುಂಚೆ ಬಬಲೇಶ್ವರದ ಸಂತೆಯಲ್ಲಿ ಅವನನ್ನು ಕೆಡವಿ ತುಳಿದೆಯಲ್ಲ, ಎರಡು ಹಲ್ಲು ಉದುರಿದವು, ಪಕ್ಕೆಲುಬು ಮುರಿಯಿತು. ಅವನು ಕೈ ಎತ್ತಲಿಲ್ಲ. ಪೊಲೀಸರಿಗೂ ಹೇಳಲಿಲ್ಲ. ಬಾಯಿಯ ರಕ್ತ ಉಗುಳಿ ತನ್ನ ಕುರಿಗಳ ಹಿಂದೆ ಹೋದ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಎಂದು ನೀನು ಮನೆಗೆ ಬಂದು ನಕ್ಕೆ. ಅಮ್ಮ ಎರಡು ದಿನ ತುತ್ತು ಮುಟ್ಟಲಿಲ್ಲ. ಮಗ ಜೈಲು ಸೇರುತ್ತಾನೆಂಬ ಹೆದರಿಕೆ ಎಂದು ನೀನು ತಿಳಿದೆ.

ನಕಲು ಸಿಕ್ಕಿದೆ. ಅದು ಸಿಗುವುದರಲ್ಲಿ ನನ್ನ ಒಂದು ಜೊತೆ ಚಪ್ಪಲಿ ಹರಿದವು. ಮೂರು ಸಲ ಅರ್ಜಿ ಕೊಟ್ಟೆ. ಹುಸೇನಸಾಬ ನಾಲಬಂದ, ಸಾಕಿನ ತಿಕೋಟಾ, ಕೊಲೆ ಪ್ರಕರಣ, ನೀನು ಹೇಳಿದಂತೆ ಐವತ್ತಾರನೆಯ ಇಸವಿ. ಮೂರು ಸಲವೂ "ಈ ಹೆಸರಿನ ಪ್ರಕರಣ ಸಿಗಲಿಲ್ಲ" ಎಂದು ಬರೆದು ತಿರುಗಿ ಕೊಟ್ಟರು. ಮೂರನೆಯ ದಿನ ನಾನು ಕಿಟಕಿಯ ಹಲಗೆಗೆ ಬಡಿದು ಕೂಗಾಡುತ್ತಿದ್ದಾಗಲೇ ಹೊರಗೆ ಪಡಸಾಲೆಯಲ್ಲಿ ಹೊಲದ ಬದುವಿನ ಕೇಸಿಗೆ ಬಂದಿದ್ದ ಅಣ್ಣತಮ್ಮಂದಿರಿಬ್ಬರು ಹೊಡೆದಾಟಕ್ಕಿಳಿದರು. ಒಬ್ಬ ಕಲ್ಲು ಒಗೆದುಬಿಟ್ಟ. ಇನ್ನೊಬ್ಬನ ಹಣೆ ಬಿರಿದು, ಅವನು ತೂರಾಡುತ್ತ ಬಂದು ನನ್ನ ಮೇಲೆಯೇ ಬಿದ್ದ. ರಕ್ತ ನನ್ನ ಕೈಯ ಅರ್ಜಿಯ ಮೇಲೆ ಸಿಡಿಯಿತು. ಹಳೆಯ ಕಾಗದಗಳ ಕೋಣೆ ನೋಡಿಕೊಳ್ಳುವ ಅಬ್ದುಲಸಮದ ಎಂಬ ಹಿರಿಯರು ನನ್ನನ್ನು ಒಳಗೆ ಕರೆದು ನೀರು ಕೊಟ್ಟು, ಆ ಅರ್ಜಿಯನ್ನು ಓದಿದರು. "ಏ ತಂಗೀ, ಸತ್ತವರ ಹೆಸರಿಲೆ ಇಲ್ಲಿ ಫೈಲ್ ಇರೂದಿಲ್ಲ. ಹೊಡದವರ ಹೆಸರಿಲೆ ಇರ್ತೈತಿ. ಹೊಡದಾಂವ ಯಾರು, ಅದನ್ನ ಹೇಳು" ಎಂದರು.

ಜಿಲಾನಿ, ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರು ಯಾವಾಗ ಉಚ್ಚರಿಸಿದ್ದಾರೆ? ನೀನು "ಬಬಲೇಶ್ವರದಾಂವ" ಎನ್ನುತ್ತೀ, ಅಮ್ಮ "ಆತ" ಎನ್ನುತ್ತಿದ್ದಳು. ಅರ್ಜಿಯಲ್ಲಿ ಕೂಡ ನಾನು ಆ ಹೆಸರನ್ನು ಮೂರು ಸಲ ನುಂಗಿದ್ದೆ. ಕೊನೆಗೆ ಬರೆದುಕೊಟ್ಟೆ: ಯಲಗೂರಪ್ಪ. ಇಸವಿಯೂ ತಪ್ಪಿತ್ತು. ನಮ್ಮ ಮಂದಿ ಇಸವಿಯನ್ನು ಎಲ್ಲಿ ನೆನಪಿಡುತ್ತಾರೆ? "ಅಲಾಯಿ ಹಬ್ಬ ಹಿಂಗಾರಿ ಬಿತ್ತಗಿ ಜೋಡಿ ಬಂದಿತ್ತಲ್ರಿ, ಆ ವರ್ಷ" ಎಂದೆ. ಅಬ್ದುಲಸಮದ ಚಾಚಾ ನಕ್ಕು ಬೆರಳು ಮಡಿಚಿದರು. ಹಬ್ಬ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಐವತ್ತಾರರಲ್ಲಿ ಶ್ರಾವಣದಲ್ಲಿ ಬಂದಿತ್ತು, ಬಿತ್ತನೆಯ ಕಾಲಕ್ಕೆ ಬಂದದ್ದು ಐವತ್ತಮೂರರಲ್ಲಿ ಎಂದು ಲೆಕ್ಕ ಹಾಕಿದರು. "ಕೇಸ್ ಮರುವರ್ಷ ನಡದಿರತೈತಿ. ಮುಂಬಯಿ ಸರಕಾರದ ಕಾಲದ ಗಂಟು ಅವು, ಹಿಂದಿನ ಖೋಲ್ಯಾಗ ಅದಾವು" ಎಂದರು. ಹೊಸ ಅರ್ಜಿಯಲ್ಲಿ ನಕಲು ಯಾಕೆ ಬೇಕೆಂದು ಕಾರಣ ಬರೆಯಬೇಕಿತ್ತು, ಅದನ್ನು ನೋಡಿ ಸಾಹೇಬರು ಸಹಿ ಮಾಡಬೇಕು. ನಿನ್ನ ಕಾರಣ ಬರೆದಿದ್ದರೆ ಅಲ್ಲಿಯೇ ನನ್ನನ್ನು ಒಳಗೆ ಹಾಕುತ್ತಿದ್ದರು. "ತಂದೆ ಹೇಗೆ ಸತ್ತರೆಂದು ತಮ್ಮನಿಗೆ ತಿಳಿಸಲು" ಎಂದು ಬರೆದೆ. ಎಂಟು ದಿನದ ಮೇಲೆ ಹೋದಾಗ ಚಾಚಾ ನಗಲಿಲ್ಲ. "ಮನಿಗಿ ಒಯ್ದು ಒಬ್ಬಾಕಿನ ಓದಬ್ಯಾಡವಾ. ಇಲ್ಲೇ ನನ್ನ ಮುಂದ ಕುಂತು ಓದು" ಎಂದರು. ಸಾಕ್ಷಿಗಳ ಹೇಳಿಕೆ ಕನ್ನಡದಲ್ಲಿದ್ದವು. ಇಂಗ್ಲೀಷಿನ ತೀರ್ಪನ್ನು ಅವರೇ ಬಿಡಿಸಿ ಹೇಳಿದರು.

ಅದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಗಟ್ಟಿಯಾಗಿ ಕುಳಿತು ಓದು. ಅಬ್ಬಾ ಒಬ್ಬನೇ ಎತ್ತನ್ನು ಕೆಡವಿ ಕಾಲು ಕಟ್ಟಿ ಗೊರಸಿಗೆ ನಾಲು ಬಡಿಯುತ್ತಿದ್ದ, ಬಬಲೇಶ್ವರದ ಸಂತೆಗೆ ಅಬ್ಬಾ ಹೋಗದಿದ್ದರೆ ಎತ್ತುಗಳು ಸಾಲುಹಚ್ಚಿ ಕಾಯುತ್ತಿದ್ದವು ಎಂದು ನೀನು ಹೆಮ್ಮೆಯಿಂದ ಹೇಳುತ್ತೀಯಲ್ಲ, ಅದೆಲ್ಲ ನಿಜ. ಅದೇ ಕೈಗಳು ಅಮ್ಮನ ಮೇಲೆ ಆಡಿದ್ದನ್ನು ನಿನಗೆ ಯಾರೂ ಹೇಳಲಿಲ್ಲ. ಡಾಕ್ಟರರ ಹೇಳಿಕೆಯಲ್ಲಿ ಅಮ್ಮನ ಮೈಯ ಹಳೆಯ ಗಾಯಗಳ ಯಾದಿಯೇ ಅರ್ಧ ಪುಟ ಇದೆ: ಮುರಿದು ಕೂಡಿದ ಎರಡು ಪಕ್ಕೆಲುಬು, ಬೆನ್ನ ಮೇಲೆ ಕಾದ ನಾಲಿನ ಬರೆ. ಬರೆ ಎತ್ತಿನ ಲಾಳದ ಆಕಾರದಲ್ಲಿದೆ ಎಂದು ಕೂಡ ಆ ಪುಣ್ಯಾತ್ಮ ಬರೆದಿದ್ದಾನೆ. ಹಬ್ಬದ ಕೊನೆಯ ದಿನ ಮುಂಜಾನೆ ಅಮ್ಮ ಅಬ್ಬಾನನ್ನು ಕೇಳದೆ ನಿನ್ನನ್ನು ಅಲಾಯಿ ದೇವರ ಮುಂದೆ ಕರೆದೊಯ್ದಿದ್ದಳು. ಅಬ್ಬಾ ಕಳ್ಳಭಟ್ಟಿ ಕುಡಿದು ಬಂದ. ಗೊರಸು ಕೆತ್ತುವ ಕತ್ತಿ ತೆಗೆದುಕೊಂಡು ಅಮ್ಮನ ಎಡಗೈಗೆ ಎರಡು ಸಲ ಹಾಕಿದ. ಎಲುಬು ಕಾಣುತ್ತಿತ್ತಂತೆ. ಬಾವಿಯ ಮೆಟ್ಟಿಲಲ್ಲಿ ಬಿದ್ದು ಸೊಟ್ಟಾಯಿತು ಎಂದು ಅಮ್ಮ ನಮಗೆ ಹೇಳುತ್ತಿದ್ದ ಕೈ ಅದೇ. ನೀನು ಓಡಿ ಹೋಗಿ ಅಬ್ಬಾನ ತೊಡೆ ಕಚ್ಚಿದೆ. ಅಬ್ಬಾ ನಿನ್ನ ಎರಡೂ ಕಾಲು ಹಿಡಿದು ತಲೆಕೆಳಗಾಗಿ ಎತ್ತಿ, ಒರಳುಕಲ್ಲಿಗೆ ಅಪ್ಪಳಿಸಲು ಬೀಸಿದ. ಮೊದಲ ಸಲ ಗುರಿ ತಪ್ಪಿತು.

ಯಲಗೂರಪ್ಪ ಆಗ ತಿಕೋಟಾದಲ್ಲಿ ನಮ್ಮ ಪಕ್ಕದ ಮನೆಯವನು. ಆ ವರ್ಷ ಹರಕೆ ಹೊತ್ತು, ನಮ್ಮ ಕಡೆಯ ಹಿಂದೂಗಳು ಆಗುವ ಹಾಗೆ, ಹಬ್ಬಕ್ಕೆ ಫಕೀರನಾಗಿದ್ದ. ಕೊರಳಿಗೆ ಕೆಂಪು ದಾರದ ಲಾಡಿ ಬಿದ್ದ ಮೇಲೆ ಫಕೀರ ಚಪ್ಪಲಿ ಮೆಟ್ಟುವುದಿಲ್ಲ, ಸುಳ್ಳು ಆಡುವುದಿಲ್ಲ, ಯಾರ ಮೇಲೂ ಕೈ ಎತ್ತುವುದಿಲ್ಲ, ನಿನಗೆ ಗೊತ್ತಿದ್ದದ್ದೇ. ಐದು ಮನೆಯ ಜೋಳ ಬೇಡಲು ನಮ್ಮ ಬಾಗಿಲಿಗೆ ಬಂದವನು ಜೋಳಿಗೆ ಚೆಲ್ಲಿ, ಅಲ್ಲಿಯೇ ಬಿದ್ದಿದ್ದ ಅಬ್ಬಾನ ಸುತ್ತಿಗೆಯನ್ನೇ ಎತ್ತಿ ಬೀಸಿದ. ಹೆಣ ಕೊಯ್ದ ಡಾಕ್ಟರರ ಪ್ರಕಾರ ತಲೆಯ ಮೇಲೆ ಮೂರು ಪೆಟ್ಟು. ಆಮೇಲೆ ಅವನು ಬರಿಗಾಲಿನಲ್ಲಿ ಠಾಣೆಗೆ ಹೋಗಿ "ನಾನ ಹೊಡದೇನ್ರಿ" ಎಂದ. ಯಾಕೆ ಎಂದು ಕೇಳಿದರೆ, "ಅದು ಆ ಮನಿ ಹೆಣ್ಣಮಗಳ ಮಾತ್ರಿ, ನಾ ಆಡೂದಿಲ್ಲ" ಎಂದನಂತೆ. ಎಷ್ಟು ಪೆಟ್ಟು ಎಂದು ಕೇಳಿದರೆ ಬಾಯಿಯೇ ಬಿಡಲಿಲ್ಲ. ಪೊಲೀಸರು ಅದನ್ನು ಬಿಡಿಸಲು ಅಂಗಾಲಿಗೆ ಬಡಿದರು, ಉಗುರು ಕಿತ್ತರು. ಅದನ್ನು ಅವನ ವಕೀಲ ಕೋರ್ಟಿನಲ್ಲಿ ಹೇಳಿದ್ದೂ ಬರೆದಿದೆ. ನ್ಯಾಯಾಧೀಶರ ಮುಂದೆಯೂ ಅವನು ತುಟಿ ತೆರೆಯಲಿಲ್ಲ.

ಅಮ್ಮನ ಹೇಳಿಕೆ ನಾಲ್ಕೇ ಸಾಲು. ಕೈಗೆ ಕತ್ತಿ ಬಿದ್ದ ಮೇಲೆ ಎಚ್ಚರವಿರಲಿಲ್ಲ, ಏನೂ ನೋಡಲಿಲ್ಲ, ಎಂದು. ಸರಕಾರಿ ವಕೀಲರು ಹಿಡಿದದ್ದು ಒಂದೇ ಮಾತು: ಕೂಸನ್ನು ಉಳಿಸಲು ಒಂದು ಪೆಟ್ಟು ಸಾಕು, ಉಳಿದೆರಡು ಪೆಟ್ಟು ಕೊಲೆ, ಇವನನ್ನು ಗಲ್ಲಿಗೆ ಹಾಕಬೇಕು. ಹಾಗಾಗಿ ಇಡೀ ಕೇಸು ಕಣ್ಣಾರೆ ಕಂಡ ಒಬ್ಬ ಸಾಕ್ಷಿಯ ಮೇಲೆ ನಿಂತಿತು. ನಕಲಿನ ಹನ್ನೊಂದನೆಯ ಪುಟ ನೋಡು. ನಾಲ್ಕನೆಯ ಸಾಕ್ಷಿ, ಸಬೀರಾ, ಹುಸೇನಸಾಬನ ಮಗಳು, ವಯಸ್ಸು ಒಂಬತ್ತು. ನೀನು ಕೊಯ್ಯಬೇಕೆಂದ ನಾಲಗೆ ನನ್ನದು, ತಮ್ಮಾ.

ಮೊದಲ ಪೆಟ್ಟಿಗೆ ನಿನ್ನ ಅಪ್ಪ ಕೂಸನ್ನು ಬಿಟ್ಟನೋ ಎಂದು ಕೇಳಿದ್ದಾರೆ. ಇಲ್ಲ. ಎರಡನೆಯದಕ್ಕೆ? ಇಲ್ಲ. ಮೂರನೆಯದಕ್ಕೆ? ಬಿಟ್ಟ. ಇದಿಷ್ಟೇ. ಕೂಸು ಆ ಕೈಯಲ್ಲಿರುವವರೆಗೆ ಅದನ್ನು ಉಳಿಸಲು ಹೊಡೆದದ್ದು ಅಪರಾಧವಲ್ಲ ಎಂದು ನ್ಯಾಯಾಧೀಶರು ಅವನನ್ನು ಬಿಟ್ಟರು. ಯಾರೂ ಯಾವ ಸಾಕ್ಷಿಯನ್ನೂ ದುಡ್ಡು ಕೊಟ್ಟು ಕೊಂಡಿರಲಿಲ್ಲ. ಅವನೇ ತಿಕೋಟಾ ಬಿಟ್ಟು ಕುರಿ ಹೊಡೆದುಕೊಂಡು ಬಬಲೇಶ್ವರಕ್ಕೆ ಹೋದ. ಅಮ್ಮ ನನ್ನಿಂದ ಕುರಾನಿನ ಮೇಲೆ ಕೈ ಇಡಿಸಿ, "ಹುಡುಗಗ ಒಬ್ಬ ಚೊಲೊ ಅಪ್ಪರ ಇರಲಿ, ಹೇಳಬ್ಯಾಡ" ಎಂದಳು. ನಾನು ಹೇಳಲಿಲ್ಲ. ನೀನು ಸುಳ್ಳು ಅಪ್ಪನನ್ನು ಎದೆಯಲ್ಲಿಟ್ಟುಕೊಂಡು ನಿಜವಾಗಿ ಮಂದಿಯ ಹಲ್ಲು ಉದುರಿಸುತ್ತ ಬೆಳೆದೆ. ಇದರಲ್ಲಿ ನಮ್ಮ ತಪ್ಪೂ ಇದೆ, ಹೌದು. ಆಣೆ ಮುರಿದ ಪಾಪ ನನಗೇ ಇರಲಿ. ನೀನು ಗಲ್ಲಿಗೇರುವುದನ್ನು ನೋಡುವುದಕ್ಕಿಂತ ಅದು ಹಗುರ.

ನಕಲನ್ನು ಈ ಕಾಗದದ ಜೊತೆಗೆ ರಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ನಂಬಿಕೆ ಬರದಿದ್ದರೆ ಮೊಹರು ನೋಡಿಕೋ. ನೀನು ಆ ಮುದುಕನ ಕಾಲಿಗೆ ಬೀಳು ಎನ್ನುವುದಿಲ್ಲ, ಬಿದ್ದರೆ ಬೇಡವೆಂದೂ ಅನ್ನುವುದಿಲ್ಲ. ಬಬಲೇಶ್ವರದಲ್ಲಿ ಮಾತ್ರ ಇಳಿಯಬೇಡ. ನೆಟ್ಟಗೆ ವಿಜಾಪುರಕ್ಕೆ ಬಾ, ನನ್ನ ಮುಂದೆ ಕೂತು ಎಷ್ಟು ಬೇಕಾದರೂ ಕೂಗಾಡು, ಬೇಕಾದರೆ ನನಗೇ ಎರಡು ಹಾಕು. ನನಗೆ ನಿನ್ನ ಮೇಲೆ ಸಿಟ್ಟು ಬಹಳ ಇದೆ, ಅದಕ್ಕಿಂತ ಬಹಳ ಹೆದರಿಕೆ ಇದೆ, ಅವೆರಡಕ್ಕಿಂತ ಮಾಯೆ, ಮಮತೆ ಹೆಚ್ಚು. ಭಾವ ಸಲಾಮು ಹೇಳಿದ್ದಾರೆ. ಸಕೀನಾ ಮಾಮಾ ಬಂದೂಕು ತರುತ್ತಾನೇನು ಎಂದು ಕೇಳುತ್ತಿದ್ದಾಳೆ, ಬಾಯಿ ಮುಚ್ಚಿಸಿದ್ದೇನೆ. ಅಲ್ಲಾಹನು ನಿನಗೆ ಆಯುಷ್ಯ ಕೊಡಲಿ, ನಿನ್ನ ಕೈಗೆ ತಡೆ ಕೊಡಲಿ.

ನಿನ್ನ ಆಪಾ,
ಸಬೀರಾ

ತಾ.ಕ. ಭಾವ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಪೋಸ್ಟಿನ ಕಿಟಕಿ ಮುಚ್ಚುವ ಹೊತ್ತಾಯಿತು. ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದು ಬರೆಯುತ್ತಿದ್ದೇನೆ. ಇದನ್ನೆಲ್ಲ ಓದಿ ನೀನು ಏನು ಹೇಳುತ್ತೀ ಎಂದು ನನಗೆ ಗೊತ್ತು. ಎತ್ತು ಕೆಡವುವ ಗಂಡಸಾದರೂ ಸುತ್ತಿಗೆಯ ಒಂದೇ ಪೆಟ್ಟಿಗೆ ಕೈ ಬಿಟ್ಟಿರಬೇಕು, ಒಂದನ್ನು ಕ್ಷಮಿಸುತ್ತೇನೆ, ಉಳಿದೆರಡಕ್ಕೆ ಅವನನ್ನು ಬಿಡುವುದಿಲ್ಲ, ಎನ್ನುತ್ತೀ. ಸರಿಯಾಗಿಯೇ ಹೇಳುತ್ತೀ. ಮೊದಲ ಪೆಟ್ಟಿಗೇ ಅಬ್ಬಾ ನಿನ್ನನ್ನು ಬಿಟ್ಟು ಬಿದ್ದ. ಯಲಗೂರಪ್ಪ ಸುತ್ತಿಗೆ ಒಗೆದು ನಿನ್ನನ್ನು ಎತ್ತಿಕೊಂಡು ಬಾಗಿಲಿಗೆ ಓಡಿದ. ಅವನು ಹೊಡೆದದ್ದು ಒಂದೇ. ಅಬ್ಬಾ ಕೈ ಊರಿ ಏಳಲು ನೋಡಿದ, ಏಳುತ್ತಲೂ ಇದ್ದ. ಅಮ್ಮನಿಗೆ ಎಚ್ಚರ ತಪ್ಪಿರಲಿಲ್ಲ, ಜಿಲಾನಿ. ಒಗೆದ ಸುತ್ತಿಗೆ ಅವಳ ಬಲಗೈಗೆ ಬಂತು. ಯಲಗೂರಪ್ಪ ಬಾಗಿಲಲ್ಲಿ ತಿರುಗಿ ನೋಡಿದ, ಮೂಲೆಯಿಂದ ನಾನು ನೋಡಿದೆ. ಫಕೀರ ಸುಳ್ಳು ಹೇಳುವಂತಿರಲಿಲ್ಲ, ಅದಕ್ಕೇ ಎಷ್ಟು ಪೆಟ್ಟು ಎಂದಾಗ ಉಗುರು ಕಿತ್ತರೂ ಬಾಯಿ ಮುಚ್ಚಿಕೊಂಡ. ಲಾಡಿ ತೆಗೆದ ಮೇಲೂ ಇವತ್ತಿನವರೆಗೂ ಮುಚ್ಚಿಕೊಂಡೇ ಇದ್ದಾನೆ. ಸುಳ್ಳು ಹೇಳಿದವಳು ನಾನು. ಯಾರೂ ಹೇಳಿಕೊಟ್ಟಿರಲಿಲ್ಲ. ಆ ಎರಡು ಪೆಟ್ಟಿಗೆ ನಿನಗೆ ಯಾರನ್ನಾದರೂ ಕೊಲ್ಲಲೇಬೇಕಿದ್ದರೆ ತಡವಾಯಿತು, ಎರಡು ವರ್ಷದ ಹಿಂದೆ ನೀನೇ ಅವಳಿಗೆ ಮಣ್ಣು ಕೊಟ್ಟು ಬಂದಿದ್ದೀ. ಆ ಬಲಗೈಯೇ ಹದಿನೆಂಟು ವರ್ಷ ನಿನಗೆ ರೊಟ್ಟಿ ಬಡಿದು ಹಾಕಿತು.