ಇಪ್ಪತ್ತೆರಡನೇ ಪುಟದ ಪೆನ್ಸಿಲ್ ಗುರುತು

ಪುಟ್ಟೀ,

ಹಲ್ಲಿನ ಡಾಕ್ಟರ ಹತ್ತಿರ ಹೋಗ್ತಿದ್ದೀನಿ. ದವಡೆ ಇನ್ನೂ ಬಾತಿದೆ, ಏನೂ ಊದೋಕಾಗಲ್ಲ. ಇವತ್ತೂ ನಾಟಕಕ್ಕೆ ನನ್ನ ಬದಲು ನೀನೇ ಹೋಗು. ಊಟ ಮುಚ್ಚಿಟ್ಟಿದ್ದೀನಿ, ತಿಂದು ಹೊರಡು.

ಕೊಳಲು, ಕ್ಲಾರಿನೆಟ್, ಸ್ಯಾಕ್ಸೋಫೋನ್ ಮೂರನ್ನೂ ಒರೆಸಿಟ್ಟಿದ್ದೀನಿ. ಕ್ಲಾರಿನೆಟ್ ತಣ್ಣಗಿದ್ರೆ ಶ್ರುತಿ ಇಳಿಯುತ್ತೆ, ಊದೋ ಮುಂಚೆ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡ್ಕೋ. ಇದನ್ನೆಲ್ಲ ಕಲಿಸಿದ್ದು ನಾನು ಅಂತ ನಾಟಕದ ಸಂಗೀತದ ಮೇಷ್ಟ್ರಿಗೆ ಒಂದು ಮಾತು ಹೇಳಿದ್ಯಾ? ನಿನ್ನೆ ಫೋನ್ ಮಾಡಿ, "ನಿಮ್ಮ ತಂಗೀನೇ ಇರ್ಲಿ ಬಿಡಿ, ನೀವು ನಿಧಾನಕ್ಕೆ ಹುಷಾರಾಗಿ" ಅಂದ್ರು. ವಾದ್ಯದವರ ಸಾಲಿನ ಆ ಕುರ್ಚಿಯಲ್ಲಿ ನಾನು ಕೂತಿದ್ದು ಹನ್ನೊಂದು ವರ್ಷ, ನೀನು ಮೂರು ದಿನ. ಹೊಟ್ಟೆ ಉರಿದುಹೋಯ್ತು ಕಣೇ.

ಅದಕ್ಕೇ ನಿನ್ನೆ ರಾತ್ರಿ ನೀನು ಬಂದು ಮಲಗಿದ ಮೇಲೆ ಸ್ವರದ ಪುಸ್ತಕ ತೆಗೆದು, ಇಪ್ಪತ್ತೆರಡನೇ ಪುಟದಲ್ಲಿ "ಸ್ಯಾಕ್ಸೋಫೋನ್ ಬಿಡು, ಕೊಳಲು ಎತ್ಕೋ" ಅಂತ ನಾನೇ ಬರೆದಿದ್ದ ಗುರುತನ್ನ ಅಳಿಸಿಬಿಟ್ಟೆ. ವಾದ್ಯ ಬದಲಿಸೋ ಆ ಗಡಿಬಿಡಿಯಲ್ಲಿ ಅದಿಲ್ಲದೆ ನೀನು ತಪ್ಪೇ ತಪ್ತೀಯ. ತಪ್ಪಲಿ ಅಂತಲೇ ಅಳಿಸಿದ್ದು.

ಬೆಳಿಗ್ಗೆ ಎದ್ದು ಮತ್ತೆ ಬರೆದಿದ್ದೀನಿ, ಮೊದಲಿಗಿಂತ ದಪ್ಪಗೆ.

ರಬ್ಬರ್ ಹುಡುಕಬೇಡ. ಅದನ್ನ ನನ್ನ ಜೊತೆಗೇ ತಗೊಂಡು ಹೋಗ್ತಿದ್ದೀನಿ.

ಅಕ್ಕ